ಮೇಲಿನ ಓಣಿಯ ಪುಸ್ತಕದ ಫ್ರಿಜ್ಜು

"ನಿಲ್ಲಬೇಡ್ರೋ, ನಡೀರಿ!" ಎಂದು ಎನೆಯ್ಡಾ ಹಿಂದಿನಿಂದ ಗದರಿದರೂ ಗಂಡ ಒವಿದಿಯೊನ ಶವಪೆಟ್ಟಿಗೆ ಹೊತ್ತವರು ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟರು. ಅಲ್ಲಿಂದಾಚೆ ಮೇಲಿನ ಓಣಿ. ಕೆಳಗಿನ ಓಣಿಯ ಗಂಡಸು ಆ ತಿರುವು ದಾಟಿದರೆ ಗ್ಯಾಂಗಿನವರು ಗುಂಡು ಹಾರಿಸುತ್ತಾರೆಂಬುದು ಮೆಡಿಯಿನ್ ನಗರದ ಆ ಗುಡ್ಡದಲ್ಲಿ ಎಳೆಮಗುವಿಗೂ ಗೊತ್ತು.

"ಅತ್ತಿಗೆ, ಹಟ ಬಿಡಿ," ಎಂದ ಮೈದುನ ಲಿಬಾರ್ದೊ, ಪೆಟ್ಟಿಗೆಯಡಿ ಬೆವರುತ್ತ. "ಅಣ್ಣನ ಜೊತೆ ನಮ್ಮನ್ನೂ ಹೂಳಬೇಕಾಗತ್ತೆ."

"ಸತ್ತೋರನ್ನ ಅವರಿಗಿಷ್ಟವಾದ ಜಾಗಕ್ಕೆಲ್ಲ ಹೊತ್ಕೊಂಡು ಹೋಗದೆ ಹೂತಿದ್ದುಂಟಾ ನಮ್ಮಲ್ಲಿ? ನಿಮ್ಮಣ್ಣನ ಫ್ರಿಜ್ಜು ಅಲ್ಲಿದೆ."

"ಹಾಗಾದ್ರೆ ಪೆಟ್ಟಿಗೆ ಇಲ್ಲೇ ಇಳಿಸಿ ಯೋಚ್ನೆ ಮಾಡೋಣ."

"ಸ್ಮಶಾನಕ್ಕೆ ಮುಂಚೆ ಅದು ನೆಲ ಮುಟ್ಟಬಾರದು. ಮುಟ್ಟಿಸಿದ್ರೆ ನಿನ್ನ ಕೈ ಮುರೀತೀನಿ."

*

ಒವಿದಿಯೊ ಫ್ರಿಜ್ಜು ರಿಪೇರಿ ಮಾಡುತ್ತಿದ್ದ. ರಿಪೇರಿಗೆ ಬಗ್ಗದವನ್ನು ಓಣಿಯ ಮಕ್ಕಳ ಕೈಗೆ ಕೊಟ್ಟು ಚಿತ್ರ ಬರೆಸಿ, ನೆರೆಹೊರೆಯವರು ಕೊಟ್ಟ ಪುಸ್ತಕ ತುಂಬಿ ಮೂಲೆಮೂಲೆಗೆ ಇಡುತ್ತಿದ್ದ. ಯಾರು ಬೇಕಾದರೂ ಬಿಟ್ಟಿಯಾಗಿ ಒಯ್ಯಬಹುದು. ಒಂದನ್ನು ಮಾತ್ರ ಚಿತ್ರ ಬರೆಸದೆ ಬೆನ್ನ ಮೇಲೆ ಹೊತ್ತು ಮೇಲಿನ ಓಣಿಗೇ ಹೋದ, ಪುಣ್ಯಾತ್ಮ! ಗ್ಯಾಂಗಿನವರು ಒಳಗೆ ಬಂದೂಕು ಹುಡುಕಿದರು. ಸಿಕ್ಕಿದ್ದು ಬರೀ ಕತೆ ಪುಸ್ತಕ.

"ಫ್ರಿಜ್ಜು ಇರಲಿ. ನೀನು ಇನ್ನೊಂದ್ಸಲ ಬಂದ್ರೆ ಹೆಣ," ಎಂದು ಕಳಿಸಿದರು.

ಹೆಂಗಸರಿಗೆ ತಡೆಯಿರಲಿಲ್ಲ. ಭಾನುವಾರ ಎನೆಯ್ಡಾ ಪುಸ್ತಕದ ಚೀಲ ಹೊತ್ತು ಹೋಗಿಬರುತ್ತಿದ್ದಳು.

"ಅಲ್ಲಿನ ಮಕ್ಕಳು ಫ್ರಿಜ್ಜಿನ ಬಾಗಿಲ ಮೇಲೆ ಏನು ಬರ್ದಿದಾರೆ?" ಎಂದು ಒವಿದಿಯೊ ಕೇಳುತ್ತಿದ್ದ.

"ಮೀನು."

"ಎಂಥ ಮೀನು?"

"ಮೀನಿನಂಥ ಮೀನು. ಊಟ ಮಾಡಿ."

ಅವನು ಮುಖ ಊದಿಸಿಕೊಳ್ಳುತ್ತಿದ್ದ. ಆ ಮೀನನ್ನು ನೋಡದೆಯೇ ಸತ್ತ.

*

ಮೇಲಿನಿಂದ ಗ್ಯಾಂಗಿನ ಫಾಬೆರ್ ಇಳಿದು ಬಂದ. ಬಲಗೈ ಅಂಗಿಯೊಳಗೆ, ಸೊಂಟದ ಮೇಲೆ.

"ಗಂಡಸರು ಬರೋ ಹಾಗಿಲ್ಲಮ್ಮ. ಗೊತ್ತಲ್ಲ?"

"ಅವರು ಬರಲ್ಲ. ಪೆಟ್ಟಿಗೆ ಬರತ್ತೆ. ನಿಮ್ಮೋರು ಹೊರಲಿ."

"ನಮ್ಮಲ್ಲಿ ಯಾರು ಹೊರ್ತಾರೆ?"

ಎನೆಯ್ಡಾ ತಲೆಯೆತ್ತಿ ಕೂಗಿದಳು: "ಮಕ್ಕಳಿಗೆ ಪುಸ್ತಕ ಒಯ್ದೋರು ಬನ್ರೇ!"

ಮೇಲಿನ ಓಣಿಯಲ್ಲೊಂದು ಕದ ಸರಿಯಿತು. ಒಬ್ಬಳು ಬಂದಳು, ಹಿಂದೆ ಇನ್ನಿಬ್ಬರು, ಮತ್ತಿಬ್ಬರು. ಫಾಬೆರ್‌ನತ್ತ ಯಾರೂ ನೋಡಲಿಲ್ಲ. ಪೆಟ್ಟಿಗೆ ಹೆಗಲಿಂದ ಹೆಗಲಿಗೆ ಜಾರುತ್ತ ತಿರುವು ದಾಟಿತು. ಹಿಂದಿನ ಮೂಲೆಗೆ ಮಾತ್ರ ಹೆಗಲಿರಲಿಲ್ಲ. ಅದನ್ನು ಹಿಡಿದಿದ್ದ ಲಿಬಾರ್ದೊ ಒಂದು ಹೆಜ್ಜೆಯೂ ಮುಂದಿಡುವಂತಿರಲಿಲ್ಲ.

"ಅತ್ತಿಗೆ, ಜಾರ್ತಿದೆ!"

ಎನೆಯ್ಡಾ ಓಡಿಬಂದು ಹೆಗಲು ಕೊಟ್ಟಳು. ಮುದಿ ಮೊಣಕಾಲು ಕುಸಿಯಿತು. ಪೆಟ್ಟಿಗೆ ನೆಲದತ್ತ ವಾಲಿತು.

ಫಾಬೆರ್ ಬೈದುಕೊಂಡು ನುಗ್ಗಿ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದ. ಅಂಗಿ ಮೇಲೆ ಸರಿದು ಸೊಂಟದ ಪಿಸ್ತೂಲು ಓಣಿಗೆಲ್ಲ ಕಾಣಿಸಿತು. ಮುಚ್ಚಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.