ಗುಲಾಬಿ ಬುಡದ ಪುದೀನ

ಥೂ, ಮತ್ತೆ ಬಂತು! ಓಣಿಯವರೆಲ್ಲ ಟೈಲರಮ್ಮ ಎಂದೇ ಕರೆಯುವ ಅವಳು ಚಹಾ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. ಬೋಳು ಮಾಡಿದ್ದ ನೆಲದಲ್ಲಿ ಹಸಿರು ಮೂತಿಗಳು ಇಣುಕುತ್ತಿದ್ದವು. ಬೆಳಬೆಳಗ್ಗೆಯೇ ಆ ವಾಸನೆ ಮೂಗಿಗೆ ಬಡಿಯಿತು.

ಕಳೆದ ವರ್ಷ ನಾದಿನಿ ತಂದ ಒಂದೇ ಒಂದು ಪುದೀನ ಕಡ್ಡಿಯ ಸಂತಾನ ಇದು. "ಅತ್ತಿಗೆ, ನೆಟ್ಟು ಮರೆತುಬಿಡಿ, ತಾನೇ ಬರುತ್ತೆ" ಎಂದಿದ್ದಳು ಮಹಾತಾಯಿ. ಬಂತು, ಬರಬಾರದಷ್ಟು ಬಂತು. ಕೊತ್ತಂಬರಿಯನ್ನು ನುಂಗಿತು, ಸೇವಂತಿಗೆಯನ್ನು ನುಂಗಿತು, ಬಚ್ಚಲ ಮೋರಿಯಲ್ಲೂ ತಲೆ ಎತ್ತಿತು. ಈಗ ಗುಲಾಬಿಯ ಬುಡಕ್ಕೇ ಕೈ ಹಾಕಿತ್ತು.

ಬೇರೇನು ಹೋದರೂ ಅವಳು ಹಾಳಾಗಿ ಹೋಗಲಿ ಎನ್ನುತ್ತಿದ್ದಳು. ಗುಲಾಬಿ ಹಾಗಲ್ಲ. ತೀರಿಕೊಂಡ ತಂಗಿಯ ಅಂಗಳದಿಂದ ತಂದ ಗಿಡ ಅದು. ಆ ಅಂಗಳಕ್ಕೆ ಈಗ ಕಾಂಕ್ರೀಟು ಬಿದ್ದಿದೆ. ತಂಗಿಯದು ಎಂದು ಉಳಿದಿರುವುದು ಇದೊಂದೇ, ಅದರ ಎಲೆಗಳೂ ಹಳದಿಯಾಗುತ್ತಿದ್ದವು.

"ಇವತ್ತು ಕೊಚ್ಚಿ ಪುಡಿ ಮಾಡ್ತೀನಿ ನೋಡು" ಎಂದು ಗಂಡ ಗುದ್ದಲಿ ಹಿಡಿದು ಬಂದ. ಅವನು ಬಡಗಿ, ಕೊಯ್ದದ್ದು ಮತ್ತೆ ಬೆಳೆಯುವುದಿಲ್ಲ ಎಂಬ ನಂಬಿಕೆ. ಭಾನುವಾರ ಭಾನುವಾರ ಆ ಬೇರನ್ನು ಬೆರಳುದ್ದ ತುಂಡು ಮಾಡಿ, ಮಣ್ಣಲ್ಲೇ ಕಲಸಿ, ಮೀಸೆ ತಿರುವಿಕೊಂಡು ಒಳಗೆ ಹೋಗುತ್ತಿದ್ದ.

"ಸಾಕು ನಿಲ್ಸಿ! ನೀವು ಕಳೆ ತೆಗೀತಿಲ್ಲ, ಬಿತ್ತನೆ ಮಾಡ್ತಿದ್ದೀರಿ. ಒಂದೊಂದು ತುಂಡೂ ಒಂದೊಂದು ಗಿಡ ಆಗ್ತಿದೆ, ಕಣ್ಣು ಕಾಣಲ್ವಾ?"

"ಹಂಗಾದ್ರೆ ನೀನೇ ಮಾಡ್ಕೋ" ಎಂದು ಅವನು ಮುಖ ಊದಿಸಿಕೊಂಡು ಹೋದ.

ಮಾಡಿಕೊಂಡಳು. ಗುಲಾಬಿಯನ್ನೇ ಮಣ್ಣು ಸಮೇತ ಎಬ್ಬಿಸಿ ಬಕೆಟ್ಟಿನ ನೀರಲ್ಲಿ ಅದ್ದಿದಳು. ಮಣ್ಣು ಕರಗಿದಾಗ ಕಂಡದ್ದು ನೋಡಿ ಮೈ ಜುಮ್ಮೆಂದಿತು. ಬಿಳಿ ಬಿಳಿ ಬೇರುಗಳು, ಜಂತುಹುಳುಗಳ ಹಾಗೆ, ಗುಲಾಬಿಯ ಬೇರಿನ ಸಂದುಸಂದಿಯಲ್ಲೂ ಹೊಸೆದುಕೊಂಡಿದ್ದವು. ಸೆರಗು ಸಿಕ್ಕಿಸಿಕೊಂಡು ಕೂತಳು. ತಪ್ಪು ಹೊಲಿಗೆ ಬಿಚ್ಚುವಾಗ ಬಟ್ಟೆ ಹರಿಯಬಾರದು, ದಾರ ತುಂಡಾಗಬಾರದು. ಆ ಕೆಲಸ ಅವಳ ಕೈಗೆ ಗೊತ್ತಿತ್ತು. ಒಂದು ತುದಿ ಹಿಡಿದು, ಜಗ್ಗದೆ, ಸಡಿಲಿಸುತ್ತಾ ಬಂದಳು. ಬಂದದ್ದನ್ನೆಲ್ಲ ನೆಲಕ್ಕೆ ತಾಗಿಸದೆ, ಬಿಸಿಲಿಗೆ ಕಾದ ತಗಡಿನ ಮೇಲೆ ಒಣಗಿ ಸಾಯಲಿ ಎಂದು ಎಸೆದಳು. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಹೊಸ ಮಣ್ಣಿನ ಕುಂಡದಲ್ಲಿ ನಿಂತಿತ್ತು, ಅವಳ ಸೊಂಟ ಹಿಡಿದುಕೊಂಡಿತ್ತು. ಎಷ್ಟು ಸೋಪು ತಿಕ್ಕಿದರೂ ಕೈ ಪುದೀನ ನಾರುತ್ತಲೇ ಇತ್ತು.

ಒಳಗೆ ಹೋಗಿ ಎರಡು ತುತ್ತು ಉಂಡು ಬರುವಷ್ಟರಲ್ಲಿ ನಾದಿನಿ ಬಂದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಪಾಪ, ಬುಡ ಬೋಳುಬೋಳಾಗಿ ಕಾಣ್ತಿತ್ತು ಅತ್ತಿಗೆ. ನಮ್ಮನೆ ಪುದೀನ ತಂದಿದ್ದೆ, ಸುತ್ತ ಚುಚ್ಚಿದ್ದೀನಿ."

ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕಡ್ಡಿಗಳನ್ನು ಕಿತ್ತು ನಾದಿನಿಯ ಕಾಲ ಬಳಿ ಬಿಸಾಕಿದಳು.

"ಅಸಹ್ಯ ಆಗುತ್ತೆ ನಂಗೆ! ಈ ದರಿದ್ರ ವಾಸನೆಯೂ ಬೇಡ, ನಿನ್ನ ಉಪಕಾರವೂ ಬೇಡ. ನನ್ನ ತಂಗಿ ಗಿಡ ಅದು!"

ನಾದಿನಿ ಕಡ್ಡಿಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿಕೊಂಡಳು.

"ಅವರು ಹೋದ ಮೇಲೆ ನಿಮಗೆ ತಂಗಿ ಥರ ಇರೋಣ ಅಂತ ಬರ್ತಿದ್ದೆ" ಎಂದಳು. "ಗಿಡ ಬೇಡ ಅಂತ ಮೊದಲೇ ಹೇಳಿದ್ರೆ ಬರಿಗೈಲಿ ಬರ್ತಿದ್ದೆನಲ್ಲ ಅತ್ತಿಗೆ."

ಗೇಟು ಹಾಕಿಕೊಂಡ ಸದ್ದಾಯಿತು. ಟೈಲರಮ್ಮ ಗೇಟಿನ ಕಡೆ ಎರಡು ಹೆಜ್ಜೆ ಇಟ್ಟವಳು ಹಿಂದಿರುಗಿದಳು. ಕುಂಡದ ಮುಂದೆ ಕೂತು, ಕಡ್ಡಿ ಚುಚ್ಚಿದ್ದ ತೂತುಗಳಲ್ಲಿ ಪುದೀನದ ಚೂರೇನಾದರೂ ಉಳಿದಿದೆಯೇ ಎಂದು ಬೆರಳಾಡಿಸಿ ಹುಡುಕತೊಡಗಿದಳು. ನಾದಿನಿಯನ್ನು ಕರೆಯುವುದು ಬಿಟ್ಟು ಹುಡುಕುತ್ತಿರುವ ತನ್ನ ಕೈ ಕಂಡು ಅವಳಿಗೆ ಪುದೀನಕ್ಕಿಂತ ಹೆಚ್ಚು ಅಸಹ್ಯವಾಯಿತು.