ಲೋನಿಯನ್ನು ತಂದ ರೈಲು

ಇವಳಲ್ಲ, ಇವಳೂ ಅಲ್ಲ, ಆ ಹಸಿರು ಕೋಟಿನವಳಂತೂ ಅಲ್ಲವೇ ಅಲ್ಲ, ಕೆನ್ನೆ ನೋಡು ಬನ್ನಿನ ಹಾಗೆ ಉಬ್ಬಿದೆ, ಬೋಖುಮ್ ಊರಿನ ಮಕ್ಕಳಿಗೆ ಅಂಥ ಕೆನ್ನೆ ಎಲ್ಲಿಂದ ಬರಬೇಕು, ಟೆಕ್ಲಾ ಹುಡುಕುತ್ತಿರುವುದು ಕಡ್ಡಿಕಾಲಿನ, ಕಣ್ಣಿನ ಕೆಳಗೆ ನೀಲಿಗಟ್ಟಿದ ಒಬ್ಬ ಹುಡುಗಿಯನ್ನು, ಹೋದ ಬೇಸಿಗೆಯಲ್ಲಿ ಇದೇ ಪ್ಲಾಟ್‌ಫಾರ್ಮಿನಲ್ಲಿ ಕೊರಳಿಗೆ ಹೆಸರಿನ ಚೀಟಿ ಕಟ್ಟಿ ಹತ್ತಿಸಿದ್ದಳಲ್ಲ, ದೂರದ ಮೆಕ್ಲೆನ್‌ಬುರ್ಗಿನ ಯಾವುದೋ ರೈತರ ಮನೆಗೆ, ನಮ್ಮೂರಿನ ಹಸಿದ ಮಕ್ಕಳಿಗೆ ಹೊಟ್ಟೆ ತುಂಬ ಉಣ್ಣಿಸಿ ಕಳಿಸ್ತಾರಂತೆ ಎಂದು ಪಾದ್ರಿಗಳು ಹೇಳಿದ್ದರು — ಆ ಹಸಿರು ಕೋಟು ಅವಳ ಮುಂದೆಯೇ ಬಂದು ನಿಂತಿದೆ, ನಮಸ್ಕಾರ ಅಮ್ಮಾವ್ರೇ, ಎನ್ನುತ್ತಿದೆ, ಬಾಯನ್ನು ಅರ್ಧ ಮಾತ್ರ ತೆರೆದು, ಹಳ್ಳಿಯವರ ರಾಗದಲ್ಲಿ. ಅಮ್ಮಾವ್ರೇ. ಹೆತ್ತವಳಿಗೆ. ಲೋನಿ, ಲೋನೀ, ನಾನು ಕಣೇ, ಅಮ್ಮ, ಎಂದಳು ಟೆಕ್ಲಾ, ಆ ಹುಡುಗಿ ತಿರುಗಿ ನೋಡಿದ್ದು ತನ್ನ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ದಪ್ಪ ಹೆಂಗಸನ್ನು, ಅವ್ವಾ, ನಾವು ಮನೆಗೆ ಯಾವಾಗ ಹೋಗಾದು, ಎಂದು ಕೇಳಿದ್ದೂ ಅವಳನ್ನೇ.

ಬುರ್ಮೈಸ್ಟರ್ ಅಂತೆ ಆ ಹೆಂಗಸಿನ ಹೆಸರು, ಮಕ್ಕಳಿಲ್ಲ, ತಾನೇ ಜೊತೆಯಲ್ಲಿ ಬಂದಿದ್ದಾಳೆ, ಹಂಗನ್ಬಾರ್ದು ಕಣ್ ಮಗಾ, ನಿನ್ ತಾಯಿ ಇವ್ರು, ಮುತ್ತು ಕೊಡು ಹೋಗು, ಎಂದು ಲೋನಿಯ ಬೆನ್ನು ತಳ್ಳುತ್ತಾಳೆ, ಒಳ್ಳೆಯವಳು, ಇವಳು ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು. ಲೋನಿಯ ಮೈಯಲ್ಲಿ ಹಾಲಿನ ವಾಸನೆ, ಬೆಚ್ಚಗೆ — ಆ ಹಾಲು ನವೆಂಬರಿನಲ್ಲಿ, ಒಂದು ಲೋಟ, ಒಂದೇ ಒಂದು ಲೋಟ ಸಿಕ್ಕಿದ್ದರೆ ತೊಟ್ಟಿಲ ಕೂಸು ಕುನೋ — ಬೇಡ, ಅದು ಈಗ ಬೇಡ. ಲೋನಿಗೆ ಗೊತ್ತಿಲ್ಲ. ಬರೆಯಲು ಕೈ ಬರಲಿಲ್ಲ. ನೋಡ್ ತಾಯಿ, ಬ್ಯಾಸರ ಮಾಡ್ಕಬ್ಯಾಡಿ, ಎಂದು ಬುರ್ಮೈಸ್ಟರ್ ಪಕ್ಕಕ್ಕೆ ಕರೆದು ಪಿಸುಗುಟ್ಟುತ್ತಿದ್ದಾಳೆ, ಮಧ್ಯಾಹ್ನದ ಗಾಡಿಗೇ ನಾನು ವಾಪಸ್ ಹೊಂಟಿವ್ನಿ, ನಿಮ್ಮನೇಲಿ ಉಣ್ಣಾಕೆ ಐತಾ, ಐತೆ ಅಂದ್ರೆ ಮಗ ನಿಮ್ಮದು, ಬುಟ್ಟೋಯ್ತೀನಿ, ಇಲ್ದೆ ಹೋದ್ರೆ ಕರ್ಕೊಂಡೋಯ್ತೀನಿ, ದಿಟ ಹೇಳಿ.

ಇದೆ ಅನ್ನಬೇಕು, ಎರಡಕ್ಷರ, ಎಷ್ಟು ಹೊತ್ತು, ಆದರೆ ಮನೆ ಕಣ್ಣಿಗೆ ಬಂದು ನಿಲ್ಲುತ್ತದೆ, ತಣ್ಣಗಿನ ಒಲೆ, ಅರ್ಧ ಕೊಳೆತ ಗೆಡ್ಡೆ, ಗೋಡೆಗೆ ಮುಖ ಮಾಡಿ ಮಲಗಿರುವ ಗಂಡ ಯೋಸ್ಟ್, ರೈಲ್ವೆಯಲ್ಲಿ ಗಾಡಿಗಳಿಗೆ ಹಳಿ ಬದಲಿಸುತ್ತಿದ್ದವನು, ಸೋತ ಯುದ್ಧದ ದಂಡ ವಸೂಲಿಗೆಂದು ಫ್ರೆಂಚ್ ಸಿಪಾಯಿಗಳು ಕಲ್ಲಿದ್ದಲು ಹೊತ್ತೊಯ್ಯಲು ಬಂದಾಗ, ಅವರ ಗಾಡಿ ಓಡಿಸಬೇಡಿ, ಕೈ ಕಟ್ಟಿ ಕೂತುಕೊಳ್ಳಿ, ಸಂಬಳ ನಾವು ಕೊಡ್ತೀವಿ ಎಂದಿತ್ತು ಬರ್ಲಿನ್ನಿನ ಸರ್ಕಾರ, ಕೂತ, ಸಿಪಾಯಿಗಳು ಕ್ವಾರ್ಟರ್ಸಿನಿಂದ ಮಂಚವನ್ನೂ ತೊಟ್ಟಿಲನ್ನೂ ಬೀದಿಗೆಸೆದರೂ ಕೈ ಬಿಚ್ಚಲಿಲ್ಲ, ಸಂಬಳವೇನೋ ಬಂತು, ಗೋಣಿಚೀಲದಲ್ಲಿ ಬಂತು, ಬೆಳಿಗ್ಗೆ ಕೊಟ್ಟ ಕಾಗದಕ್ಕೆ ಸಂಜೆ ಬೆಂಕಿಕಡ್ಡಿಯೂ ಹುಟ್ಟುತ್ತಿರಲಿಲ್ಲ, ಆಮೇಲೆ ಅದೇ ಸರ್ಕಾರ ಸಾಕು, ಸೋತೆವು, ಕೆಲಸಕ್ಕೆ ಹೋಗಿ ಎಂದಿತು, ಚಳಿಗಾಲದಲ್ಲಿ ಖರ್ಚು ಉಳಿಸಲೆಂದು ಕೆಲಸದಿಂದ ತೆಗೆದವರಲ್ಲಿ ಯೋಸ್ಟನೂ ಒಬ್ಬ. ಕೈ ಕಟ್ಟು ಅಂದವರೂ ಅವರೇ, ಕೈ ಬಿಟ್ಟವರೂ ಅವರೇ. ಹೋಗಿ ಕೇಳ್ರೀ, ಬಾಯಿಲ್ವಾ ನಿಮಗೆ, ಎಂದರೆ, ಯಾವ ಸರ್ಕಾರದ ಹತ್ರ ಕೇಳಲೇ, ಬೆಳಿಗ್ಗೆ ಇದ್ದದ್ದರ ಹತ್ರವೋ, ಸಂಜೆ ಬರೋದರ ಹತ್ರವೋ, ಎಂದು ನಗುತ್ತಿದ್ದ, ಈಗ ನಗುವುದೂ ಇಲ್ಲ. ಕೆಂಪು ಬಾವುಟದವರು ಬಂದು ಬಾಗಿಲು ಬಡಿಯುತ್ತಾರೆ, ಹಳೇ ದೊರೆ ಕೈಸರನ ಕಾಲವೇ ಚೆನ್ನಾಗಿತ್ತು ಅನ್ನುವವರೂ ಬಡಿಯುತ್ತಾರೆ, ಇಬ್ಬರಿಗೂ ಹೌದು ಹೌದು ಅಂದು ಮತ್ತೆ ಗೋಡೆಯ ಕಡೆ ತಿರುಗುತ್ತಾನೆ. ಹೊಸ ನೋಟು ಬಂದಿದೆ, ಗಟ್ಟಿ ನೋಟಂತೆ, ಇದ್ದವರ ಹತ್ತಿರ ಗಟ್ಟಿಯಾಗಿಯೇ ಕೂತಿದೆ.

ಓಡಿಬಿಡಬೇಕು, ಮಗುವನ್ನು ಎಳೆದುಕೊಂಡು, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಜೊತೆಯೇ ಉಪವಾಸ ಬೀಳಲಿ, ಕೈ ಆಗಲೇ ಲೋನಿಯ ಮಣಿಕಟ್ಟನ್ನು ಹಿಡಿದಿತ್ತು, ನೋಯ್ತದೆ ಅಮ್ಮಾವ್ರೇ, ಬಿಡಿ, ಬಿಟ್ಟಳು, ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಆಗ ಲೋನಿಗೆ ಏನೋ ನೆನಪಾಗಿರಬೇಕು, ಮುಖ ಎತ್ತಿ, ಕುನೋ ಎಲ್ಲಿ, ಎಂದಳು, ಪಾಪು ಯಾಕೆ ಬರಲಿಲ್ಲ. ಮಲಗಿದಾನೆ ಕಣೇ. ಸುಳ್ಳೂ ಅಲ್ಲ. ಇನ್ನೂ ಮಲಗಿದಾನಾ, ಎಂದು ಲೋನಿ ಅಚ್ಚರಿಪಟ್ಟಳು, ಟೆಕ್ಲಾ ಬುರ್ಮೈಸ್ಟರಳ ಕಡೆ ತಿರುಗಿದಳು, ಕರ್ಕೊಂಡು ಹೋಗಿ ಎಂಬ ದನಿ ಯಾರದ್ದೋ ಗಂಟಲಿನಿಂದ ಬಂತು, ಕರ್ಕೊಂಡು ಹೋಗಿ ಅವ್ವಾ, ಎಂದಿತು ಆ ದನಿ, ಅವಳೂ ಅವ್ವ ಅಂದುಬಿಟ್ಟಳು.

ಗಾಡಿ ಹೊರಡುವ ಮೊದಲು ಬುಟ್ಟಿಯಿಂದ ಬೆಣ್ಣೆ ಸವರಿದ ಬ್ರೆಡ್ಡು ತೆಗೆದು ಮಗುವಿಗೆ ಕೊಟ್ಟಿದ್ದಳು ಬುರ್ಮೈಸ್ಟರ್, ಲೋನಿ ಒಂದು ತುತ್ತು ಕಚ್ಚಿದಳು, ಅಗಿದಳು, ಕಿಟಕಿಯಿಂದ ಬಗ್ಗಿ ಉಳಿದದ್ದನ್ನು ನೀಡಿದಳು, ಎದ್ದ ಮೇಲೆ ಕುನೋಗೆ ಕೊಡಿ, ಟೆಕ್ಲಾ ಎರಡೂ ಕೈಯಲ್ಲಿ ಇಸಿದುಕೊಂಡಳು, ಗಾಡಿ ಹೋಯಿತು, ಅಳಲಿಲ್ಲ ಹುಡುಗಿ, ಪ್ಲಾಟ್‌ಫಾರ್ಮಿನಲ್ಲಿದ್ದ ಎಲ್ಲರಿಗೂ ಬೀಸಿದ ಹಾಗೆ ಇವಳಿಗೂ ಕೈ ಬೀಸಿದಳು. ಬಾಯಲ್ಲಿ ನೀರೂರುತ್ತಿದೆ, ಛೀ, ಹಾಳು ಬಾಯಿ, ಇನ್ನೊಂದು ಅಂಚಿನಿಂದ ಒಂದು ಚೂರು ಮುರಿದಳು, ಇನ್ನೊಂದು, ಉಪ್ಪು ಬೆಣ್ಣೆ ನಾಲಿಗೆಯ ಮೇಲೆ ಕರಗುತ್ತದೆ, ಯೋಸ್ಟನಿಗೂ ಇಡಬೇಕು, ಇಡಬೇಕು ಎನ್ನುತ್ತಲೇ ಇನ್ನೊಂದು, ಕೊನೆಗೆ ಆ ಕಚ್ಚಿದ ಕಡೆ ಮಾತ್ರ ಉಳಿಯಿತು, ಬೆಣ್ಣೆಯಲ್ಲಿ ಪುಟ್ಟ ಪುಟ್ಟ ಹಲ್ಲಿನ ಸಾಲು, ಕಮಾನಿನ ಹಾಗೆ, ನಟ್ಟ ನಡುವೆ ಒಂದು ಕಡೆ ಮಾತ್ರ ಬ್ರೆಡ್ಡು ಕಡಿಯದೆ ಮೊಟಕಾಗಿ ಎದ್ದು ನಿಂತಿದೆ. ಮುಂದಿನ ಹಲ್ಲು ಬಿದ್ದಿದೆ. ಯಾವಾಗ ಅಲುಗಾಡಿತು, ಯಾರು ಕಿತ್ತರು, ಅತ್ತಳೋ, ಯಾರ ಮಡಿಲಲ್ಲಿ ಅತ್ತಳು, ತನ್ನೆದುರು ಒಂದು ಸಲವೂ ಬಾಯಿ ಬಿಟ್ಟು ನಗಲಿಲ್ಲ, ನಕ್ಕಿದ್ದರೆ ಕಾಣುತ್ತಿತ್ತು, ಈ ಬ್ರೆಡ್ಡಿನ ಚೂರು ಹೇಳಬೇಕಾಯಿತು ಹೆತ್ತವಳಿಗೆ, ಹಲ್ಲಿನ ಸಾಲು, ಮೊಟಕು, ಮತ್ತೆ ಹಲ್ಲಿನ ಸಾಲು, ಮನೆಗೆ ನಡೆಯಬೇಕು, ಹಲ್ಲಿನ ಸಾಲು, ನಡುವೆ ಆ ಕಡಿಯದೆ ಉಳಿದದ್ದು, ಒಂದು ಹಲ್ಲಿನಷ್ಟೇ ಅಗಲ —