ಈ ಕಟ್ಟಡದಿಂದ ಯಾರೂ ಏನೂ ಹೇಳಿಲ್ಲ

ಸರ್ಕಾರ ಬಿದ್ದ ಮೂರೇ ದಿನಕ್ಕೆ ರಿಜಿಸ್ಟರ್ ಮಾವ ಎದೆಯ ಮೇಲಿನ ಸರ್ಕಾರಿ ಬಿಲ್ಲೆ ಬದಲಿಸಿದ. ಅಂಗಿ ಅದೇ, ಪಿನ್ನು ಚುಚ್ಚಿದ ತೂತೂ ಅದೇ. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವನು ನಮಗೆ ನೆಂಟನೇನಲ್ಲ. ನಾಲ್ಕು ಮಹಡಿಯ ನಮ್ಮ ಕಟ್ಟಡದಲ್ಲಿ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಕೂರುವ ಮೇಲ್ವಿಚಾರಕ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಪುಸ್ತಕದಲ್ಲಿ ಬರೆದು ವಾರಕ್ಕೊಮ್ಮೆ ಠಾಣೆಗೆ ಕೊಡುವುದು ಹಳೆಯ ಸರ್ಕಾರದಲ್ಲಿ ಅವನ ಕೆಲಸ. ಮಕ್ಕಳೆಲ್ಲ ಅವನನ್ನು ಮಾವ ಅನ್ನುತ್ತಿದ್ದೆವು. ಅನ್ನದಿದ್ದರೆ ಅದನ್ನೂ ಬರೆದುಕೊಳ್ಳುತ್ತಾನೆ ಅಂತ ಅಮ್ಮ ಹೆದರಿಸಿದ್ದಳು.

ಅಪ್ಪ ಬಸ್ ಡ್ರೈವರ್. ಏಳು ವರ್ಷದ ಹಿಂದೆ, ನೌಕರರ ಮುಷ್ಕರಕ್ಕೆ ಮುಂಚಿನ ಒಂದು ಸಂಜೆ, ಬೇರೆ ಡಿಪೋದ ಕಂಡಕ್ಟರ್ ಒಬ್ಬ ಕರಪತ್ರದ ಕಟ್ಟು ಹಿಡಿದು ನಮ್ಮ ಮನೆಗೆ ಬಂದ. ಎರಡು ದಿನ ಕಳೆದು ಠಾಣೆಯವರು ಅಪ್ಪನನ್ನು ಎಳೆದುಕೊಂಡು ಹೋದರು. ಅದಾದ ಎರಡು ದಿನಕ್ಕೆ ಕಂಡಕ್ಟರನನ್ನು. ಅವನು ವಾಪಸು ಬರಲೇ ಇಲ್ಲ. ಅಪ್ಪ ಆರು ವರ್ಷಕ್ಕೆ ಬಂದ, ಬಲಗೈ ಬೆರಳುಗಳು ಕಡ್ಡಿಯಂತೆ ಸೆಟೆದಿದ್ದವು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಕಿಟಕಿಗೆ ಸರಳು ಬೆಸೆಯುವ ವೆಲ್ಡಿಂಗ್ ಅಂಗಡಿ ಸೇರಿದ್ದೆ.

ಹೊಸ ಸರ್ಕಾರ ಬಂತು. ಭಾಷಣ ಬಂತು. ಬೀದಿಗೊಂದು ಸಾಮರಸ್ಯ ಸಮಿತಿ ಬಂತು. ನಮ್ಮ ಬೀದಿಯ ಅಧ್ಯಕ್ಷ ಯಾರು? ರಿಜಿಸ್ಟರ್ ಮಾವ. ಎಲ್ಲರ ಮನೆಯ ವಿಷಯವೂ ಗೊತ್ತಿರುವವನು ಅವನೊಬ್ಬನೇ ಅಂತೆ. ಅದೇನೋ ಸುಳ್ಳಲ್ಲ.

ತಂಗಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಆದರೆ ಅಪ್ಪನ ಹೆಸರು ಇನ್ನೂ ದ್ರೋಹಿಗಳ ಪಟ್ಟಿಯಲ್ಲೇ ಇತ್ತು, ಅದಿದ್ದರೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ಸರ್ಕಾರ ಬಿದ್ದಿತ್ತು, ಪಟ್ಟಿ ಬಿದ್ದಿರಲಿಲ್ಲ. ಹೆಸರು ತೆಗೆಯಲು ಸಮಿತಿಯ ಅಧ್ಯಕ್ಷನೇ ಮುದ್ರೆ ಒತ್ತಬೇಕು, ಅದೂ ಶುಕ್ರವಾರ ಸಂಜೆ ಐದರೊಳಗೆ. ಬುಧವಾರ ಹೋದೆ.

“ಬಾರಯ್ಯ ಅಳಿಯ,” ಅಂದ. “ಮುದ್ರೆ ಏನು ಮಹಾ, ಒತ್ತೋಣ. ಹುಡುಗಿ ನರ್ಸ್ ಆದ್ರೆ ನಾಳೆ ನನಗೇ ತಾನೇ ಸೂಜಿ ಚುಚ್ಚೋಳು? ನಿಮ್ಮಪ್ಪ ಒಂದು ಸಣ್ಣ ಕಾಗದ ಕೊಡಲಿ.”

“ಏನಂತ?”

“ಈ ಕಟ್ಟಡದಿಂದ ಯಾರೂ ಠಾಣೆಗೆ ಏನೂ ಹೇಳಿಲ್ಲ ಅಂತ. ಮುಂದಿನ ತಿಂಗಳು ವಿಚಾರಣಾ ಆಯೋಗ ಬರುತ್ತೆ, ಆಗ ಯಾರನ್ನ ಯಾಕೆ ಹಿಡಿದ್ರು ಅಂತ ಕೇಳೋಕೆ. ಹಳೇ ಗಾಯ ಯಾಕೆ ಕೆರೆಯೋದು?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.”

“ನಾನು ಹೆಗಲು ತೊಳ್ಕೊಂಡೇ ಬಂದಿದೀನಪ್ಪ,” ಅಂತ ನಕ್ಕ. “ಶುಕ್ರವಾರ. ಐದು ಗಂಟೆ.”

ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದೆ. ಅವನ ಹಲ್ಲು ಉದುರಿಸದಿದ್ದರೆ ನಾನು ಗಂಡಸೇ ಅಲ್ಲ ಎಂದು ಕೂಗಾಡಿದೆ. ಅಪ್ಪ ಕುರ್ಚಿಯಲ್ಲಿ ಕೂತೇ ಕೇಳಿಸಿಕೊಂಡ.

“ಕೊಟ್ಟುಬಿಡೋಣ,” ಅಂದ.

“ಏನು ಕೊಡೋದು? ಅವನು ಬರೆದಿದ್ದಕ್ಕೇ ನಿನ್ನ ಕೈ ಹೋಯ್ತು, ಕಂಡಕ್ಟರ್ ಹೋದ. ನಾಚಿಕೆ ಆಗಲ್ವಾ ನಿನಗೆ?”

“ಅವನು ಬರೆದಿದ್ದು ‘ಒಬ್ಬ ಗಂಡಸು, ಒಂಬತ್ತರವರೆಗೆ’ ಅಂತ ಅಷ್ಟೇ ಕಣೋ. ಬಂದವನ ಹೆಸರು ಅವನಿಗೆ ಗೊತ್ತಿರಲಿಲ್ಲ.” ಅಪ್ಪ ಎಡಗೈಯಿಂದ ಬಲಗೈ ಮುಚ್ಚಿಕೊಂಡ. “ಮೂರು ಬೆರಳಿನವರೆಗೆ ತಡೆದೆ. ನಾಲ್ಕನೇದಕ್ಕೆ ಹೇಳಿಬಿಟ್ಟೆ.”

ಏಳು ವರ್ಷ ಒಬ್ಬನ ಮುಖ ನೋಡಿಕೊಂಡೇ ಸಾಕಿದ ಸಿಟ್ಟು ಅದು, ಒಮ್ಮೆಗೇ ಅಪ್ಪನ ಮೇಲೆ ತಿರುಗಿತು. ಆ ಬೆರಳುಗಳನ್ನು ನೋಡಿದ ಮೇಲೆ ಅಲ್ಲೂ ನಿಲ್ಲಲಾರದೆ ಹೋಯಿತು. ಮುರಿದವರು ಅದೇ ಠಾಣೆಯಲ್ಲಿ ಹೊಸ ಬಿಲ್ಲೆ ಹಾಕಿಕೊಂಡು ಈಗಲೂ ಟೀ ಕುಡಿಯುತ್ತಿದ್ದಾರೆ. ಅವರನ್ನು ಯಾವ ಕಾಗದವೂ ಏನೂ ಕೇಳುತ್ತಿಲ್ಲ.

“ಹಾಗಾದ್ರೆ ಇದನ್ನೇ ಆಯೋಗಕ್ಕೆ ಹೇಳು,” ಅಂದೆ. “ಅವನು ಬರೆದ, ನಾನು ಬಾಯಿ ಬಿಟ್ಟೆ, ಮುರಿದವರು ಇಂಥವರು ಅಂತ.”

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನನ್ನ ಸೀಟಿನ ಮೇಲೆ ನಿಂತು ಯಾರೂ ಶೂರರಾಗಬೇಡಿ,” ಅಂದಳು. “ಆರು ವರ್ಷ ದ್ರೋಹಿ ಮಗಳು ಅಂತ ಕೊನೇ ಬೆಂಚಲ್ಲಿ ಕೂತು ಓದಿದೀನಿ. ನನಗೆ ಸೀಟು ಬೇಕು. ಬರಿ ಅಣ್ಣ.”

“ನೀನೇ ಬರಿ.”

“ಅರ್ಜಿ ಬರೆದವಳು ನಾನು. ಅದೂ ಇದೂ ಒಂದೇ ಕೈ ಅಂತ ತಿರಸ್ಕರಿಸ್ತಾರೆ. ಬರಿ.”

ಬರೆದೆ. ಕಬ್ಬಿಣದ ಮೇಲೆ ನನ್ನ ಗೆರೆ ನೇರ, ಕಾಗದದ ಮೇಲೆ ಪೆನ್ನು ಮಾತು ಕೇಳುವುದಿಲ್ಲ. ಮೂರು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಒಂದು ಕಾಲದಲ್ಲಿ ಡಿಪೋದಲ್ಲಿ ಎಲ್ಲರಿಗೂ ಪತ್ರಿಕೆ ಓದಿ ಹೇಳುತ್ತಿದ್ದ ಅಪ್ಪ ಕೆಳಗೆ ಹೆಬ್ಬೆಟ್ಟು ಒತ್ತಿದ.

“ಅಕ್ಷರ ಕೋಳಿಕಾಲು,” ಅಂದ ರಿಜಿಸ್ಟರ್ ಮಾವ ಶುಕ್ರವಾರ. “ಪರವಾಗಿಲ್ಲ, ವಿಷಯ ದುಂಡಗಿದೆ.” ಕಾಗದ ಒಳಗಿಟ್ಟುಕೊಂಡು ತಂಗಿಯ ಅರ್ಜಿಗೆ ಮುದ್ರೆ ಒತ್ತಿದ. ತಂಗಿ ಅದನ್ನು ಕಿತ್ತುಕೊಂಡು ಓಡಿದಳು.

ಅವಳು ಶಾಲೆ ಸೇರಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಕಂಡಕ್ಟರನ ಹೆಂಡತಿ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಅಂಗೈ ನೀರಲ್ಲಿ ನೆನೆದು ಬಿಳಿಚಿತ್ತು. ಕೂರು ಅಂದರೂ ಕೂರಲಿಲ್ಲ.

“ಅಣ್ಣ, ಆಯೋಗದವರು ನಮ್ಮವರ ಫೈಲ್ ಮುಚ್ಚಿಬಿಟ್ರು,” ಅಂದಳು ಅಪ್ಪನಿಗೆ. “ಈ ಕಟ್ಟಡದಿಂದ ಯಾರೂ ಏನೂ ಹೇಳಿಲ್ಲ ಅಂತ ನೀವೇ ಕೊಟ್ಟಿದೀರಂತೆ. ಅಂದ್ಮೇಲೆ ಹಿಡ್ಕೊಂಡು ಹೋಗೋಕೆ ಕಾರಣವೇ ಇಲ್ಲ, ತಾವಾಗೇ ಎಲ್ಲೋ ಹೋಗಿರ್ಬೇಕು ಅಂದ್ರು. ಹೆಂಡ್ತಿ ಜೊತೆ ಜಗಳ ಇತ್ತಾ ಅಂತ ನನ್ನನ್ನೇ ಕೇಳಿದ್ರು.”

ಅಪ್ಪ ಬಲಗೈಯನ್ನು ಮಡಿಲಿಗೆ ಎಳೆದುಕೊಂಡ.

“ನನಗೆ ಪರಿಹಾರ ಬೇಡ. ಎಲ್ಲಿ ಹೂತಿದಾರೆ ಅಂತ ಕೇಳೋಕಾದ್ರೂ ಫೈಲ್ ತೆರೆದಿರಬೇಕಂತೆ. ಅಷ್ಟಕ್ಕೇ ಬಂದೆ.” ಚೀಲದಿಂದ ಮಡಿಸಿದ ಜೆರಾಕ್ಸ್ ತೆಗೆದಳು. “ಇದು ನಿಮ್ಮದೇನಾ?”

“ಬರೆದವನು ನಾನು ಚಿಕ್ಕಮ್ಮ,” ಅಂದೆ.

“ಸುಮ್ನಿರು,” ಅಂದ ಅಪ್ಪ. “ತಂಗಿ ಸೀಟು...”

“ಗೊತ್ತು. ಅವಳ ಕೈಲಿ ನಾನು ಬೈಸ್ಕೋತೀನಿ, ಏಟು ಬೇಕಾದ್ರೂ ತಿಂತೀನಿ. ಈಗ ನೀನು ಹೇಳ್ತೀಯೋ, ನಾನು ಹೇಳ್ಲೋ?”

ಅಪ್ಪ ಕುರ್ಚಿ ಬಿಟ್ಟು ಅವಳ ಕಾಲ ಬಳಿ ನೆಲದ ಮೇಲೆ ಕೂತ.

“ಬಾಗಿಲು ಹಾಕು,” ಅಂದ.

ನಾನು ಹಾಕಲಿಲ್ಲ. ಇನ್ನಷ್ಟು ತೆರೆದೆ. ಮೆಟ್ಟಿಲ ಬುಡದಲ್ಲಿ ರಿಜಿಸ್ಟರ್ ಮಾವನ ಕೆಮ್ಮು ಕೇಳುತ್ತಿತ್ತು.

“ಅವತ್ತು ಅವನು ಬಂದಾಗ ಏಳೂವರೆ ಆಗಿತ್ತಮ್ಮ,” ಅಂತ ಅಪ್ಪ ಗಂಟಲೊಳಗೇ ಶುರು ಮಾಡಿದ.

“ಗಟ್ಟಿಯಾಗಿ ಹೇಳಪ್ಪ,” ಅಂದೆ.